ಉಬ್ಬಸದ ಇನ್‌ಹೇಲರ್: ಶ್ವಾಸನಾಳ ಸಡಿಲಿಸುವ ಔಷಧಗಳನ್ನು ಸರಿಯಾಗಿ ಬಳಸುವ ಕ್ರಮ

ಉಬ್ಬಸ ಕೆರಳಿದಾಗ ಶ್ವಾಸನಾಳದಲ್ಲಿ ಮೂರು ಕೆಡುಕು ಒಟ್ಟಿಗೇ ನಡೆಯುತ್ತವೆ. ನಾಳವನ್ನು ಸುತ್ತುವರಿದ ಸ್ನಾಯು ಬಿಗಿದುಕೊಳ್ಳುತ್ತದೆ, ಒಳಪದರ ಊದಿಕೊಳ್ಳುತ್ತದೆ, ಅಂಟಂಟು ಕಫ ದಾರಿಗೆ ಅಡ್ಡ ಬರುತ್ತದೆ. ಬ್ರಾಂಕೋಡೈಲೇಟರ್ ಔಷಧಗಳ ಕೆಲಸವೆಲ್ಲ ಮೊದಲನೆಯದರ ಮೇಲೆ. ಬಿಗಿದ ಸ್ನಾಯುವನ್ನು ಅವು ಸಡಿಲಿಸುತ್ತವೆ. ಊತ ಇಳಿಸುವ ಶಕ್ತಿ ಅವಕ್ಕಿಲ್ಲ. ಉಸಿರು ಸಲೀಸಾದ ಕೂಡಲೇ ಕಾಯಿಲೆಯೇ ಇಳಿಯಿತು ಅನ್ನಿಸುವುದು ಸಹಜ. ಒಳಗಿನ ಊತ ಮಾತ್ರ ಇದ್ದ ಹಾಗೇ ಇರುತ್ತದೆ, ಕೆಲವೊಮ್ಮೆ ಏರುತ್ತಲೂ ಇರುತ್ತದೆ. ಈ ಔಷಧಗಳನ್ನು ಬಳಸುವವರು ಮೊದಲು ಅರಿತಿರಬೇಕಾದದ್ದು ಇದನ್ನೇ.

ಇಲ್ಲಿ ಕೊಟ್ಟಿರುವ ಪ್ರಮಾಣಗಳು ಸಾಮಾನ್ಯ ಬಳಕೆಯಲ್ಲಿರುವಂಥವು. ನಿಮ್ಮ ವೈದ್ಯರು ಬರೆದುಕೊಟ್ಟದ್ದು ಬೇರೆಯಿದ್ದರೆ ಅದನ್ನೇ ಪಾಲಿಸಿ.

ಮೊದಲು ಹೆಸರು ಓದಿ

ಇನ್‌ಹೇಲರನ್ನು ಬಣ್ಣದಿಂದ ಗುರುತಿಸುವ ರೂಢಿ ಬಿಡಿ. ತುರ್ತಿಗೆ ಬಳಸುವುದು ನೀಲಿ ಎಂಬ ಮಾತು ಹಲವು ಕಡೆ ನಿಜವೇ ಆದರೂ ಎಲ್ಲ ಕಂಪನಿಗಳೂ ಅದನ್ನು ಪಾಲಿಸುವುದಿಲ್ಲ. ಡಬ್ಬಿಯ ಮೇಲೆ ಬ್ರಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಔಷಧದ ಹೆಸರು ಇರುತ್ತದೆ. ಓದಬೇಕಾದದ್ದು ಅದನ್ನು.

ಸಾಲ್ಬುಟಮಾಲ್, ಲೆವೊಸಾಲ್ಬುಟಮಾಲ್, ಟರ್ಬ್ಯುಟಲಿನ್ ಎಂದಿದ್ದರೆ ಅದು ಬೇಗ ಕೆಲಸ ಮಾಡಿ ಬೇಗ ಇಳಿಯುವ ಔಷಧ. ಅಮೆರಿಕದಲ್ಲಿ ಸಾಲ್ಬುಟಮಾಲನ್ನೇ ಆಲ್ಬುಟೆರಾಲ್ ಅನ್ನುತ್ತಾರೆ. ಸ್ನಾಯುವಿನ ಮೇಲಿರುವ ಬೀಟಾ-2 ಗ್ರಾಹಕಗಳನ್ನು, ಅಂದರೆ ಸಡಿಲಾಗು ಎಂಬ ಸಂದೇಶ ಹಿಡಿಯುವ ತಾಣಗಳನ್ನು, ಇದು ಎಚ್ಚರಿಸುತ್ತದೆ. ಸುಮಾರು 5 ನಿಮಿಷದಲ್ಲಿ ಉಸಿರು ಹಗುರವಾಗತೊಡಗುತ್ತದೆ, ಪರಿಣಾಮ 4ರಿಂದ 6 ಗಂಟೆ ಉಳಿಯುತ್ತದೆ. ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 100 ಮೈಕ್ರೋಗ್ರಾಂ ಸಾಲ್ಬುಟಮಾಲ್ ಇರುತ್ತದೆ.

ಸಾಲ್ಮೆಟೆರಾಲ್, ಫಾರ್ಮೊಟೆರಾಲ್ ಸುಮಾರು 12 ಗಂಟೆ ಕೆಲಸ ಮಾಡುವಂಥವು. ವಿಲಾಂಟೆರಾಲ್, ಇಂಡಕಾಟೆರಾಲ್ 24 ಗಂಟೆ. ಇವುಗಳನ್ನು ಉಬ್ಬಸಕ್ಕೆ ಒಂಟಿಯಾಗಿ ತೆಗೆದುಕೊಳ್ಳಲೇಬಾರದು. ಊತ ಇಳಿಸುವ ಸ್ಟೀರಾಯ್ಡ್ ಜತೆಯಲ್ಲೇ, ಅದೂ ಒಂದೇ ಇನ್‌ಹೇಲರ್‌ನಲ್ಲಿ ಕೂಡಿ ಬರುವುದೇ ಲೇಸು. ಇದಕ್ಕೆ ಗಟ್ಟಿ ಕಾರಣವಿದೆ. ಸಾಲ್ಮೆಟೆರಾಲ್ ಕುರಿತು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಎರಡು ಗುಂಪಿಗೂ ತಲಾ 13 ಸಾವಿರಕ್ಕೂ ಹೆಚ್ಚು ಜನರಿದ್ದರು. ರೂಢಿಯ ಚಿಕಿತ್ಸೆಗೆ ಸಾಲ್ಮೆಟೆರಾಲ್ ಸೇರಿಸಿದ ಗುಂಪಿನಲ್ಲಿ ಉಬ್ಬಸದಿಂದ 13 ಮಂದಿ ತೀರಿಕೊಂಡರು, ಇನ್ನೊಂದು ಗುಂಪಿನಲ್ಲಿ 3 ಮಂದಿ. ಮುಂದೆ ಸ್ಟೀರಾಯ್ಡ್ ಕೂಡಿಸಿಯೇ ಕೊಟ್ಟು ನೋಡಿದ ದೊಡ್ಡ ಅಧ್ಯಯನಗಳಲ್ಲಿ ಈ ಗಂಭೀರ ಅಪಾಯ ಹೆಚ್ಚಾದದ್ದು ಕಾಣಲಿಲ್ಲ. ಹಾಗಾಗಿ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡು ಇನ್‌ಹೇಲರ್‌ಗಳ ಮೇಲಿದ್ದ ಕಠಿಣ ಎಚ್ಚರಿಕೆಯನ್ನು ತೆಗೆಸಿತು. ಎರಡನ್ನೂ ಬೇರೆಬೇರೆ ಡಬ್ಬಿಯಲ್ಲಿ ಕೊಟ್ಟರೆ, ಹಾಯೆನಿಸುವ ಡಬ್ಬಿ ಖಾಲಿಯಾಗುತ್ತದೆ, ಸ್ಟೀರಾಯ್ಡ್ ಡಬ್ಬಿ ಕಪಾಟಿನಲ್ಲೇ ಉಳಿಯುತ್ತದೆ. ಒಂದೇ ಡಬ್ಬಿಯಾದರೆ ಆ ಆಯ್ಕೆಯೇ ಇರುವುದಿಲ್ಲ.

ಈ ಗುಂಪಿನಲ್ಲಿ ಫಾರ್ಮೊಟೆರಾಲ್ ವಿಶೇಷವಾದದ್ದು. ದೀರ್ಘಕಾಲ ಕೆಲಸ ಮಾಡುವುದಾದರೂ ಆರಂಭ ಸಾಲ್ಬುಟಮಾಲ್‌ನಷ್ಟೇ ಚುರುಕು, 1ರಿಂದ 3 ನಿಮಿಷ. ಹಾಗಾಗಿ ಬುಡೆಸೊನೈಡ್-ಫಾರ್ಮೊಟೆರಾಲ್ ಕೂಡು ಇನ್‌ಹೇಲರನ್ನು ತುರ್ತಿಗೂ ಬಳಸಬಹುದು; ಪ್ರತಿ ಪಫ್ ಜತೆಗೂ ಸ್ವಲ್ಪ ಸ್ಟೀರಾಯ್ಡ್ ಒಳಗೆ ಹೋಗುತ್ತದೆ. ಉಬ್ಬಸ ಚಿಕಿತ್ಸೆಗೆ ಜಾಗತಿಕ ಸಲಹೆ ರೂಪಿಸುವ ಗಿನಾ ಸಂಸ್ಥೆ 2019ರಿಂದ ಹದಿಹರೆಯದವರಿಗೂ ವಯಸ್ಕರಿಗೂ ಸಾಲ್ಬುಟಮಾಲ್ ಒಂದರಲ್ಲೇ ಚಿಕಿತ್ಸೆ ನಡೆಸಬಾರದು ಎನ್ನುತ್ತಿದೆ. ನೀವು ವರ್ಷಗಳಿಂದ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡಿದ್ದರೆ, ಮುಂದಿನ ಭೇಟಿಯಲ್ಲಿ ವೈದ್ಯರ ಬಳಿ ಈ ಮಾತನ್ನು ನೀವಾಗಿಯೇ ಎತ್ತಿ. ಸಾಲ್ಮೆಟೆರಾಲ್ ಇರುವ ಕೂಡು ಇನ್‌ಹೇಲರನ್ನು ಮಾತ್ರ ತುರ್ತಿಗೆ ಬಳಸುವಂತಿಲ್ಲ, ಅದು ನಿಧಾನ.

ಇಪ್ರಾಟ್ರೋಪಿಯಂ, ಟಿಯೊಟ್ರೋಪಿಯಂ ಬೇರೆ ದಾರಿಯಿಂದ ಕೆಲಸ ಮಾಡುತ್ತವೆ. ಸ್ನಾಯುವನ್ನು ಬಿಗಿಯಾಗಿಸುವ ನರದ ಸಂದೇಶವನ್ನು ಅವು ತಡೆಯುತ್ತವೆ. ಇಪ್ರಾಟ್ರೋಪಿಯಂ ನಿಧಾನ, ಆಸ್ಪತ್ರೆಯಲ್ಲಿ ತೀವ್ರ ಉಬ್ಬಸಕ್ಕೆ ಸಾಲ್ಬುಟಮಾಲ್ ಜತೆ ಸೇರಿಸಿ ಕೊಡುತ್ತಾರೆ. ಟಿಯೊಟ್ರೋಪಿಯಂ ದಿನಕ್ಕೊಮ್ಮೆ, ಸ್ಟೀರಾಯ್ಡ್ ಕೂಡು ಇನ್‌ಹೇಲರ್‌ಗೂ ಉಬ್ಬಸ ಬಗ್ಗದಿದ್ದಾಗ ಮೇಲಿನಿಂದ ಸೇರಿಸುವಂಥದು.

ಪಂಪ್ ಇನ್‌ಹೇಲರ್: ಔಷಧ ನಾಲಿಗೆಗೋ ಎದೆಗೋ

ಚೆನ್ನಾಗಿ ಎಳೆದುಕೊಂಡಾಗಲೂ ಸಾಮಾನ್ಯ ಪಂಪ್ ಇನ್‌ಹೇಲರ್‌ನಿಂದ ಶ್ವಾಸಕೋಶ ಮುಟ್ಟುವುದು ಔಷಧದ ಸಣ್ಣ ಪಾಲು, ನೂರರಲ್ಲಿ ಹತ್ತಿಪ್ಪತ್ತು ಭಾಗ. ಉಳಿದದ್ದು ಗಂಟಲಿಗೆ ಬಡಿದು ಹೊಟ್ಟೆ ಸೇರುತ್ತದೆ. ಕ್ರಮ ತಪ್ಪಿದರೆ ಆ ಸಣ್ಣ ಪಾಲೂ ಇಲ್ಲ. "ಈ ಔಷಧ ನನಗೆ ಹಿಡಿಯುವುದಿಲ್ಲ" ಅನ್ನುವ ಮುನ್ನ ಎಳೆದುಕೊಳ್ಳುವ ರೀತಿಯನ್ನು ನೋಡಿಕೊಳ್ಳುವುದು ನ್ಯಾಯ.

1. ಮುಚ್ಚಳ ತೆಗೆದು ಬಾಯಿಯ ಭಾಗದೊಳಗೆ ನೋಡಿ. ಜೇಬಿನಲ್ಲಿಯೋ ಚೀಲದಲ್ಲಿಯೋ ಮುಚ್ಚಳವಿಲ್ಲದೆ ಬಿದ್ದಿದ್ದರೆ ನಾಣ್ಯ, ಗುಂಡಿ, ಕಾಗದದ ಚೂರು ಸಿಕ್ಕಿಕೊಂಡಿರಬಹುದು. ಅದು ಉಸಿರಿನ ಜತೆ ನೇರ ಗಂಟಲಿಗೆ ಹಾರುತ್ತದೆ.
2. ನೆಟ್ಟಗೆ ಹಿಡಿದು 5 ಸೆಕೆಂಡ್ ಚೆನ್ನಾಗಿ ಕುಲುಕಿ. ಒಳಗಿನ ಔಷಧ ಹೆಚ್ಚಾಗಿ ನುಣ್ಣನೆಯ ಪುಡಿ, ದ್ರವದಲ್ಲಿ ತೇಲುತ್ತಿರುತ್ತದೆ. ಕುಲುಕದಿದ್ದರೆ ಒಂದು ಪಫ್ ಸಪ್ಪೆ, ಇನ್ನೊಂದು ಗಟ್ಟಿ.
3. ಹೊಸದಾಗಿದ್ದರೆ ಗಾಳಿಗೆ ಕೆಲವು ಪಫ್ ಬಿಡಿ, ಹೆಚ್ಚಿನವಕ್ಕೆ 2ರಿಂದ 4. ಬಹಳ ದಿನ ಬಳಸದೆ ಇಟ್ಟಿದ್ದರೂ ಹಾಗೇ. ಕೆಲವಕ್ಕೆ ಈ ಅವಧಿ 5 ದಿನ, ಕೆಲವಕ್ಕೆ 14 ದಿನ. ಪೊಟ್ಟಣದೊಳಗಿನ ಕರಪತ್ರದಲ್ಲಿ ಇದು ಬರೆದಿರುತ್ತದೆ.
4. ಬೆನ್ನು ನೆಟ್ಟಗೆ ಮಾಡಿ, ಗದ್ದ ಸ್ವಲ್ಪ ಮೇಲೆತ್ತಿ, ಆರಾಮವಾಗಿ ಆಗುವಷ್ಟು ಉಸಿರನ್ನು ಹೊರಗೆ ಬಿಡಿ.
5. ತುಟಿ ಬಿಗಿಯಾಗಿ ಮುಚ್ಚಿ. ಬಾಯಿಯಿಂದ ನಿಧಾನವಾಗಿ ಎಳೆಯಲು ಶುರುಮಾಡಿ, ಎಳೆತ ಶುರುವಾದ ಕ್ಷಣದಲ್ಲೇ ಒಮ್ಮೆ ಒತ್ತಿ, ಎಳೆಯುತ್ತಲೇ ಇರಿ. ಈ ಉಸಿರು 3ರಿಂದ 5 ಸೆಕೆಂಡ್ ಸಾಗಬೇಕು.
6. ಇನ್‌ಹೇಲರ್ ತೆಗೆದು, ಬಾಯಿ ಮುಚ್ಚಿ, 10 ಸೆಕೆಂಡ್ ಉಸಿರು ಹಿಡಿಯಿರಿ. ಅಷ್ಟು ಆಗದಿದ್ದರೆ ಆಗುವಷ್ಟು.
7. ಎರಡನೇ ಪಫ್ ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮೊದಲಿಂದ.

ಎಲ್ಲರೂ ಎಡವುವುದು ಐದನೇ ಹೆಜ್ಜೆಯಲ್ಲಿ. ಮೊದಲೇ ಒತ್ತಿ ಆಮೇಲೆ ಎಳೆದರೆ ಔಷಧ ನಾಲಿಗೆಯ ಮೇಲೆ ಕೂರುತ್ತದೆ. ಎಳೆದು ಮುಗಿಸಿ ಒತ್ತಿದರೆ ಒಳಗೆ ಹೋಗಲು ಗಾಳಿಯೇ ಇಲ್ಲ. ರಭಸವಾಗಿ ಎಳೆದರೆ ಕಣಗಳು ತಿರುವಿನಲ್ಲಿ ಗಂಟಲ ಗೋಡೆಗೆ ಅಪ್ಪಳಿಸುತ್ತವೆ. ಒಂದೇ ಉಸಿರಿಗೆ ಎರಡು ಬಾರಿ ಒತ್ತುವುದರಿಂದ ಎರಡು ಪಟ್ಟು ಔಷಧ ಸಿಗುವುದಿಲ್ಲ. ಕನ್ನಡಿ ಮುಂದೆ ನಿಂತು ಮಾಡಿ ನೋಡಿ: ಬಾಯಿಯಿಂದಲೋ ಮೂಗಿನಿಂದಲೋ ಹೊಗೆಯಂತೆ ಹೊರಬಂದರೆ ಆ ಪಫ್ ಹಾಳು.

ಸ್ಪೇಸರ್ ಇದ್ದರೆ ಅರ್ಧ ತಾಪತ್ರಯ ಇಲ್ಲ

ಸ್ಪೇಸರ್ ಅಂದರೆ ಇನ್‌ಹೇಲರ್‌ಗೂ ಬಾಯಿಗೂ ನಡುವೆ ಇಡುವ ಪೊಳ್ಳು ಕೊಳವೆ. ಪಫ್ ಮೊದಲು ಅದರೊಳಗೆ ಹೋಗಿ ನಿಲ್ಲುತ್ತದೆ, ದಪ್ಪ ಹನಿಗಳು ಅಲ್ಲೇ ಉಳಿಯುತ್ತವೆ, ನುಣ್ಣನೆಯವು ನಿಮ್ಮ ಉಸಿರಿಗೆ ಕಾಯುತ್ತವೆ. ಒತ್ತುವುದನ್ನೂ ಎಳೆಯುವುದನ್ನೂ ಹೊಂದಿಸುವ ಕಷ್ಟ ತಪ್ಪುತ್ತದೆ. ಮಕ್ಕಳಿಗೆ ಮಾತ್ರ ಎಂಬ ಕಲ್ಪನೆ ತಪ್ಪು; ಉಬ್ಬಸ ಜೋರಾಗಿದ್ದಾಗ ಯಾವ ವಯಸ್ಸಿನವರಿಗೂ ಸರಿಯಾದ ಸಮಯಕ್ಕೆ ಒತ್ತುವುದು ಆಗುವುದಿಲ್ಲ. ನಮ್ಮ ಮಟ್ಟಿಗೆ, ಪಂಪ್ ಇನ್‌ಹೇಲರ್ ಇರುವ ಪ್ರತಿ ಮನೆಯಲ್ಲೂ ಸ್ಪೇಸರ್ ಇರಲೇಬೇಕು.

ಇನ್‌ಹೇಲರ್ ಕುಲುಕಿ ಸ್ಪೇಸರ್‌ನ ಹಿಂಬದಿಗೆ ಸೇರಿಸಿ, ತುಟಿ ಮುಚ್ಚಿ, ಒಂದು ಪಫ್ ಒತ್ತಿ. ಒಂದು ನಿಧಾನದ ಆಳವಾದ ಉಸಿರು ಎಳೆದು ಹಿಡಿಯಿರಿ. ಅದು ಸಾಧ್ಯವಿಲ್ಲದಿದ್ದರೆ ಬಾಯಿ ತೆಗೆಯದೆ 4ರಿಂದ 6 ಬಾರಿ ಸಾಮಾನ್ಯವಾಗಿ ಉಸಿರಾಡಿ. ಒಮ್ಮೆಗೆ ಒಂದೇ ಪಫ್. ನಾಲ್ಕನ್ನು ಒಟ್ಟಿಗೆ ತುಂಬಿದರೆ ಹನಿಗಳು ಒಂದಕ್ಕೊಂದು ಕೂಡಿ ಗೋಡೆಗೆ ಅಂಟುತ್ತವೆ. ಸಿಳ್ಳೆಯ ಸದ್ದು ಬಂದರೆ ಹಲವು ಸ್ಪೇಸರ್‌ಗಳಲ್ಲಿ ಅದು ಬೇಗ ಎಳೆಯುತ್ತಿದ್ದೀರಿ ಎಂಬ ಸೂಚನೆ. ಸಣ್ಣ ಮಕ್ಕಳಿಗೆ ಮಾಸ್ಕ್ ಬೇಕು, ಅದು ಮೂಗು-ಬಾಯಿಗೆ ಸಂದಿಲ್ಲದಂತೆ ಕೂರಬೇಕು. ಮಗು ಅಳುವಾಗ ಶ್ವಾಸಕೋಶಕ್ಕೆ ಸೇರುವ ಔಷಧ ತೀರಾ ಕಡಿಮೆ, ಆದ್ದರಿಂದ ಸಮಾಧಾನ ಮಾಡಿ ಕೊಡುವುದಕ್ಕೆ ಹಿಡಿಯುವ ಸಮಯ ದಂಡವಲ್ಲ.

ಪ್ಲಾಸ್ಟಿಕ್ ಸ್ಪೇಸರ್‌ನ ಒಂದು ಗುಟ್ಟು ಹಲವರಿಗೆ ತಿಳಿದಿಲ್ಲ. ಒಣ ಬಟ್ಟೆಯಿಂದ ಒರೆಸಿದರೆ ಒಳಗೋಡೆಯಲ್ಲಿ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧದ ಕಣಗಳನ್ನು ಸೆಳೆದುಕೊಳ್ಳುತ್ತದೆ. ಹೊಸದನ್ನು ತಂದಾಗಲೂ, ಆಮೇಲೆ ತಿಂಗಳಿಗೊಮ್ಮೆಯೂ ಬೆಚ್ಚನೆ ನೀರಿಗೆ ಕೆಲವು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಅದ್ದಿ ತೆಗೆದು, ಒರೆಸದೆ, ತಾನಾಗಿ ಒಣಗಲು ಬಿಡಿ.

ಪುಡಿ ಇನ್‌ಹೇಲರ್ ಮತ್ತು ನೆಬುಲೈಜರ್

ಪುಡಿಯ ಇನ್‌ಹೇಲರ್‌ಗೆ ನಿಯಮ ತಿರುಗುಮುರುಗು. ಇಲ್ಲಿ ತಳ್ಳುವ ಅನಿಲ ಇಲ್ಲ, ಪುಡಿಯನ್ನು ಒಡೆದು ಒಳಗೆ ಒಯ್ಯುವುದು ನಿಮ್ಮ ಎಳೆತವೇ. ಆರಂಭದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಉಸಿರನ್ನು ಬೇರೆ ಕಡೆ ಮುಖ ತಿರುಗಿಸಿ ಬಿಡಿ. ಸಾಧನದೊಳಗೆ ಊದಿದರೆ ತೇವ ತಾಗಿ ಪುಡಿ ಗಂಟಾಗುತ್ತದೆ. ಕ್ಯಾಪ್ಸೂಲ್ ಹಾಕುವ ಬಗೆಯದಾದರೆ ಎಳೆಯುವಾಗ ಅದು ಗರಗರ ತಿರುಗುವ ಸದ್ದು ಕೇಳಬೇಕು. ಆಮೇಲೆ ತೆರೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಆ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗುವವರಿದ್ದಾರೆ. ನುಂಗಿದರೆ ಉಬ್ಬಸಕ್ಕೆ ಅದರಿಂದ ಏನೂ ಸಿಗದು.

ನೆಬುಲೈಜರ್ ದ್ರವವನ್ನು ಮಂಜಾಗಿಸುವ ಯಂತ್ರ. ಸಾಲ್ಬುಟಮಾಲ್ ಸಣ್ಣ ಮಕ್ಕಳಿಗೆ 2.5 ಮಿಲಿಗ್ರಾಂ, ದೊಡ್ಡವರಿಗೆ ಹೆಚ್ಚಾಗಿ 5 ಮಿಲಿಗ್ರಾಂ. ಒಟ್ಟು ದ್ರವ 3ರಿಂದ 4 ಮಿಲಿಲೀಟರ್ ಆಗುವಂತೆ ನಾರ್ಮಲ್ ಸಲೈನ್ ಸೇರಿಸುತ್ತಾರೆ, ಬರೀ ನೀರನ್ನಲ್ಲ. ನೀರೇ ಸೇರಿಸಿದರೆ ಆ ಮಂಜಿಗೆ ನಾಳ ಇನ್ನಷ್ಟು ಬಿಗಿಯಬಹುದು. ಇಪ್ರಾಟ್ರೋಪಿಯಂ ಹಾಕಿದ್ದರೆ ಮಾಸ್ಕ್ ಸಂದಿಯಿಂದ ಮಂಜು ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ, ಗ್ಲಾಕೋಮಾ ಇರುವವರಿಗೆ ಕಣ್ಣಿನ ಒತ್ತಡ ಏರುತ್ತದೆ. ದೊಡ್ಡ ಯಂತ್ರದ ಮೇಲೆ ನಂಬಿಕೆ ಜಾಸ್ತಿ, ಆದರೆ ತೀರಾ ಗಂಭೀರವಲ್ಲದ ಉಬ್ಬಸದಲ್ಲಿ ಸ್ಪೇಸರ್ ಮೂಲಕ ಕೊಟ್ಟ ಪಫ್‌ಗಳು ಅದಕ್ಕೆ ಸರಿಸಮ. ಮನೆಯ ನೆಬುಲೈಜರ್‌ನ ನಿಜವಾದ ಅಪಾಯವೆಂದರೆ ಒಂದಾದ ಮೇಲೊಂದು ಹಾಕುತ್ತಾ ಕೂತು ಆಸ್ಪತ್ರೆಗೆ ಹೊರಡುವುದು ತಡವಾಗುವುದು.

ಉಬ್ಬಸ ಜೋರಾದಾಗ

ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಬಟ್ಟೆ ಸಡಿಲಿಸಿ. ಸಾಲ್ಬುಟಮಾಲ್ 4 ಪಫ್ ಸ್ಪೇಸರ್ ಮೂಲಕ ಕೊಡಿ, ಒಂದೊಂದಾಗಿ, ಪ್ರತಿ ಪಫ್‌ಗೆ 4 ಉಸಿರು. 4 ನಿಮಿಷ ಕಾಯಿರಿ. ತಗ್ಗದಿದ್ದರೆ ಮತ್ತೆ 4 ಪಫ್. ಆಗಲೂ ತಗ್ಗದಿದ್ದರೆ ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೂ ಪ್ರತಿ 4 ನಿಮಿಷಕ್ಕೆ 4 ಪಫ್ ನಡೆಯುತ್ತಿರಲಿ. ಜಾಸ್ತಿಯಾಗಿಬಿಟ್ಟೀತು ಎಂಬ ಅಂಜಿಕೆಯಿಂದ ಈ ಹೊತ್ತಿನಲ್ಲಿ ಔಷಧ ನಿಲ್ಲಿಸಬೇಡಿ. ಕೈ ನಡುಗುವುದು, ಎದೆ ಡವಡವ ಅನ್ನುವುದು ಇಳಿದುಹೋಗುತ್ತವೆ. ಆಮ್ಲಜನಕದ ಕೊರತೆ ಕಾಯುವುದಿಲ್ಲ.

ತುರ್ತಿಗೂ ಬುಡೆಸೊನೈಡ್-ಫಾರ್ಮೊಟೆರಾಲ್ ಬಳಸಲು ವೈದ್ಯರು ಹೇಳಿದ್ದರೆ ಕ್ರಮ ಬೇರೆ. ಒಂದು ಪಫ್ ತೆಗೆದುಕೊಂಡು ಕೆಲವು ನಿಮಿಷ ನೋಡಿ, ಸಾಲದಿದ್ದರೆ ಇನ್ನೊಂದು. 6 ಮೈಕ್ರೋಗ್ರಾಂ ಫಾರ್ಮೊಟೆರಾಲ್ ಇರುವ ಇನ್‌ಹೇಲರ್‌ನಲ್ಲಿ 12 ವರ್ಷ ಮೇಲ್ಪಟ್ಟವರಿಗೆ ದಿನದ ಮೇರೆ, ಬೆಳಗ್ಗೆ-ರಾತ್ರಿಯದೂ ಸೇರಿ, 12 ಪಫ್. ಅದನ್ನು ಮುಟ್ಟುವ ಹಾದಿಯಲ್ಲಿದ್ದೀರಿ ಎಂದರೆ ಅಂದೇ ವೈದ್ಯರನ್ನು ಕಾಣಬೇಕು.

ಪಫ್ ಎಣಿಸುತ್ತಾ ಕೂರದೆ ನೇರ ಆಸ್ಪತ್ರೆಗೆ ಹೊರಡಬೇಕಾದ ಚಿಹ್ನೆಗಳಿವು: ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿರುವುದು, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುವುದು, ತುಟಿ ನೀಲಿಗಟ್ಟುವುದು, ಮಂಪರು ಅಥವಾ ಗೊಂದಲ, ಉಸಿರು ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್‌ನಲ್ಲಿ ನಿಮ್ಮ ಒಳ್ಳೆಯ ದಿನದ ಅರ್ಧಕ್ಕಿಂತ ಕೆಳಗಿನ ಅಂಕಿ. ಎಲ್ಲಕ್ಕಿಂತ ಮೋಸದ್ದು ಎದೆಯ ಸುಯ್‌ ಸದ್ದು ನಿಂತುಹೋಗುವುದು. ರೋಗಿ ಬಳಲಿರುವಾಗ ಸದ್ದು ಅಡಗಿದರೆ, ಸದ್ದು ಹೊರಡಿಸುವಷ್ಟೂ ಗಾಳಿ ಆಡುತ್ತಿಲ್ಲ ಎಂದು ತಿಳಿಯಿರಿ. ಗಾಬರಿ ಕಳೆಯಲೆಂದು ನಿದ್ದೆಯ ಮಾತ್ರೆ ಕೊಡಲೇಬೇಡಿ.

ಔಷಧ ಎಳೆದ ಕೂಡಲೇ ಉಸಿರು ಇನ್ನಷ್ಟು ಬಿಗಿಯುವುದೂ ಅಪರೂಪಕ್ಕೆ ಉಂಟು. ಹಾಗಾದರೆ ಆ ಇನ್‌ಹೇಲರ್ ನಿಲ್ಲಿಸಿ ತುರ್ತು ನೆರವು ಪಡೆಯಿರಿ.

ಪಫ್ ಲೆಕ್ಕ ಇಡಿ

ಒಂದು ಸಾಲ್ಬುಟಮಾಲ್ ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಪಫ್. ವರ್ಷಕ್ಕೆ 3 ಅಥವಾ ಹೆಚ್ಚು ಡಬ್ಬಿ ಮುಗಿಸುವವರಲ್ಲಿ ತೀವ್ರ ಉಬ್ಬಸದ ಅಪಾಯ ಹೆಚ್ಚು. 12 ಅಥವಾ ಹೆಚ್ಚು ಮುಗಿಸುವವರಲ್ಲಿ ಸಾವಿನ ಅಪಾಯವೂ ಹೆಚ್ಚು. ಇದಕ್ಕೆ ಎರಡು ಕಾರಣ. ಒಂದು, ಊತಕ್ಕೆ ಮದ್ದು ಬೀಳುತ್ತಿಲ್ಲ. ಇನ್ನೊಂದು, ದಿನವೂ ಬಡಿದೆಬ್ಬಿಸಿದ ಬೀಟಾ-2 ಗ್ರಾಹಕಗಳು ಕ್ರಮೇಣ ಮಂಕಾಗುತ್ತವೆ, ಬೇಕಾದ ದಿನ ಅದೇ ಪಫ್ ಅಷ್ಟು ಕೆಲಸ ಮಾಡುವುದಿಲ್ಲ. ವಾರಕ್ಕೆ ಎರಡಕ್ಕಿಂತ ಹೆಚ್ಚು ದಿನ ಬೇಕಾಗುತ್ತಿದ್ದರೆ, ರಾತ್ರಿ ಎಚ್ಚರವಾಗುತ್ತಿದ್ದರೆ, ಒಮ್ಮೆ ಎಳೆದದ್ದು 4 ಗಂಟೆಯೂ ನಿಲ್ಲದಿದ್ದರೆ ಉಬ್ಬಸ ಹತೋಟಿಯಲ್ಲಿಲ್ಲ. ಓಟ, ಆಟದ ಮುನ್ನ ವೈದ್ಯರ ಸಲಹೆಯಂತೆ 10-15 ನಿಮಿಷ ಮೊದಲು ತೆಗೆದುಕೊಳ್ಳುವ ಪಫ್ ಈ ಲೆಕ್ಕದಿಂದ ಹೊರಗಿರಲಿ.

ಡಬ್ಬಿ ಖಾಲಿಯಾಯಿತೇ ಎಂದು ಕುಲುಕಿಯೋ ನೀರಿನಲ್ಲಿ ತೇಲಿಸಿಯೋ ನೋಡುವುದನ್ನು ನಂಬಬೇಡಿ. 200 ಮುಗಿದ ಮೇಲೂ ತಳ್ಳುವ ಅನಿಲ ಉಳಿದಿರುತ್ತದೆ, ಪುಸ್ ಅನ್ನುತ್ತದೆ, ಔಷಧ ಇರುವುದಿಲ್ಲ. ಎಣಿಕೆಯ ಕಿಂಡಿ ಇರುವ ಇನ್‌ಹೇಲರ್ ಕೇಳಿ ತೆಗೆದುಕೊಳ್ಳಿ. ಇಲ್ಲವಾದರೆ ಶುರುಮಾಡಿದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದು ಎಣಿಸಿ. ವಾರಕ್ಕೊಮ್ಮೆ ಲೋಹದ ಡಬ್ಬಿಯನ್ನು ಹೊರತೆಗೆದು ಪ್ಲಾಸ್ಟಿಕ್ ಕವಚವನ್ನು ಮಾತ್ರ ಬೆಚ್ಚನೆ ನೀರಿನ ಧಾರೆಗೆ ಅರ್ಧ ನಿಮಿಷ ಹಿಡಿದು ರಾತ್ರಿಯಿಡೀ ಒಣಗಿಸಿ. ಸಣ್ಣ ತೂತಿನಲ್ಲಿ ಬಿಳಿ ಪುಡಿ ಕಟ್ಟಿ ಪಫ್ ದುರ್ಬಲವಾಗುವುದು ಆಗ ತಪ್ಪುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇಡಬೇಡಿ.

ಮಾತ್ರೆ, ಸಿರಪ್, ಮತ್ತೆ ಕೆಲವು ಎಚ್ಚರ

ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ. ಎರಡು ಪಫ್ ಸೇರಿ 200. ಇಪ್ಪತ್ತು ಪಟ್ಟು ಹೆಚ್ಚು ಔಷಧ ರಕ್ತದಲ್ಲಿ ಮೈಯೆಲ್ಲ ಸುತ್ತಿ, ನಿಧಾನವಾಗಿ ಎದೆಗೆ ಬರುತ್ತದೆ, ದಾರಿಯಲ್ಲಿ ಕೈ ನಡುಗಿಸಿ ಎದೆಬಡಿತ ಏರಿಸುತ್ತದೆ. ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆ, ಅದು ಕಡೆಯ ಉಪಾಯ ಎಂದು ಹೆದರಿ ಮಗುವಿಗೆ ಸಿರಪ್ ಕುಡಿಸುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಶ್ವಾಸನಾಳ ಸಡಿಲಿಸುವ ಇನ್ನೊಂದು ಔಷಧ ಥಿಯೊಫಿಲಿನ್ ಇನ್ನೂ ನಾಜೂಕು. ಹಿತ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಸಣ್ಣದು. ಸಿಪ್ರೊಫ್ಲಾಕ್ಸಸಿನ್, ಎರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್‌ಗಳ ಜತೆ ಸೇರಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಬೀಡಿ-ಸಿಗರೇಟು ಸೇದುವವರಲ್ಲಿ ಅದು ಬೇಗ ಕರಗುತ್ತದೆ, ಹಾಗಾಗಿ ಸೇದುವುದನ್ನು ಬಿಟ್ಟಾಗ ಹಳೆಯ ಪ್ರಮಾಣವೇ ಹೆಚ್ಚಾಗಬಹುದು. ಬಿಟ್ಟ ಸುದ್ದಿಯನ್ನು ವೈದ್ಯರಿಗೆ ಹೇಳಿ. ಬಿಡದ ವಾಂತಿ, ಎದೆಬಡಿತ ತಪ್ಪುವುದು, ಫಿಟ್ಸ್ ವಿಷದ ಲಕ್ಷಣಗಳು.

ಸಾಲ್ಬುಟಮಾಲ್ ಹೆಚ್ಚಾದಾಗ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದ್ರೋಗಿಗಳು ಇದನ್ನು ಗಮನದಲ್ಲಿಡಬೇಕು. ರಕ್ತದೊತ್ತಡ, ಹೃದ್ರೋಗಕ್ಕೆ ಕೊಡುವ ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಈ ಔಷಧಗಳಿಗೆ ನೇರ ಎದುರಾಳಿ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಕೂಡ ಉಬ್ಬಸ ಕೆರಳಿಸಬಲ್ಲದು, ಕಣ್ಣಿನ ವೈದ್ಯರಿಗೆ ಉಬ್ಬಸದ ವಿಷಯ ಹೇಳಲು ಮರೆಯಬೇಡಿ. ಬಸುರಿಯರು ಇನ್‌ಹೇಲರ್ ನಿಲ್ಲಿಸಬಾರದು. ತಾಯಿಯ ಉಸಿರು ಕಟ್ಟಿದರೆ ಮಗುವಿಗೂ ಆಮ್ಲಜನಕ ಸಾಲದು. ಸ್ಟೀರಾಯ್ಡ್ ಕೂಡಿದ ಇನ್‌ಹೇಲರನ್ನು ದಿನನಿತ್ಯ ಬಳಸುವವರು ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲವಾದರೆ ಬಾಯಲ್ಲಿ ಬಿಳಿ ಬೂಸಲು ಹುಣ್ಣಾಗಬಹುದು. ಬರೀ ಸಾಲ್ಬುಟಮಾಲ್‌ಗೆ ಅದರ ಅಗತ್ಯವಿಲ್ಲ.

ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆಗೆ ಹೋಗುವ ದಿನ ಸಾಧ್ಯವಾದರೆ ಸಾಲ್ಬುಟಮಾಲನ್ನು 4 ಗಂಟೆ, ದಿನಕ್ಕೆರಡು ಬಾರಿಯ ಕೂಡು ಇನ್‌ಹೇಲರನ್ನು 24 ಗಂಟೆ, ದಿನಕ್ಕೊಮ್ಮೆಯದನ್ನು 36 ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅಲ್ಲಿ ಮೊದಲು ಊದಿಸಿ, ಸಾಲ್ಬುಟಮಾಲ್ ಕೊಟ್ಟು, 10-15 ನಿಮಿಷದ ಮೇಲೆ ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ವಯಸ್ಕರಲ್ಲಿ ಶೇ. 12ರಷ್ಟೂ 200 ಮಿಲಿಲೀಟರ್‌ನಷ್ಟೂ ಹೆಚ್ಚಿದರೆ, ನಾಳ ಸಡಿಲಿಸುವ ಔಷಧಕ್ಕೆ ಶ್ವಾಸಕೋಶ ಓಗೊಟ್ಟಿತು ಎಂದು ಬರೆಯುತ್ತಾರೆ. ಉಸಿರು ಕಟ್ಟುತ್ತಿದ್ದರೆ ಪರೀಕ್ಷೆಯ ದಿನವೂ ಪಫ್ ತೆಗೆದುಕೊಳ್ಳಿ, ತೆಗೆದುಕೊಂಡ ಹೊತ್ತನ್ನು ಅಲ್ಲಿ ತಿಳಿಸಿ.